ಬೆಂಗಳೂರಿಗೆ ಟ್ಯಾಂಕು, ನಮಗೆ ಕೇಸು: ಮಿನಿ ಕೆಗ್ ಕೊಳ್ಳುವ ಮುಂಚೆ ಒಂದು ಮಾತು

ಕಳೆದ ಬ್ಯಾಸಗಿಯಲ್ಲಿ ಸೇಡಂ ಕಡೆಯ ಒಬ್ಬ ಹುಡುಗ ನಮಗೊಂದು ವಿಡಿಯೊ ಕಳಿಸಿದ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಮಾಡುವ ಹುಡುಗ. ವಿಡಿಯೊದಲ್ಲಿ ಸ್ಟೀಲಿನ ಪುಟ್ಟ ಡ್ರಮ್ಮು, ಮೇಲೊಂದು ನಳ, ಪಕ್ಕದಲ್ಲಿ ಬೆರಳುದ್ದದ ಗ್ಯಾಸ್ ಸಿಲಿಂಡರು. ನಳ ಬಗ್ಗಿಸಿದರೆ ಗ್ಲಾಸಿಗೆ ನೊರೆ ನೊರೆ ಬೀರು. ಕೆಳಗೆ ಅವನ ಮಾತು: “ಅಣ್ಣಾರ, ಇದಕ್ಕ ಮಿನಿ ಕೆಗ್ ಅಂತಾರ. ಮನ್ಯಾಗೇ ಬೀರ್ ಮಾಡಿ ಇದ್ರಾಗ ತುಂಬಿಡ್ಲಾಕ ಬರ್ತದಂತ. ತಮ್ಮನ ಮದಿವಿಗಿ ತಗೋಬೇಕಂತ ಮಾಡೀನಿ. ಯಾವ್ದು ಛಲೋ ಹೇಳ್ರಿ.”

ವಾಡಿಯಿಂದಲೂ ಶಹಾಬಾದದಿಂದಲೂ ಇಂಥದೇ ಪ್ರಶ್ನೆ ಬಂದಿವೆ. ಫೋನಿನಲ್ಲಿ ಒಮ್ಮೆ ಆ ವಿಡಿಯೊ ನೋಡಿದರೆ ಮುಗಿಯಿತು, ದಿನಾ ಅದೇ ಜಾಹೀರಾತು. ನಾವು ಕೆಗ್ ಮಾರುವವರಲ್ಲ, ಸುದ್ದಿ ಬರೆಯುವವರು. ಆದರೂ ಕೇಳಿದ ಮೇಲೆ ಉತ್ತರ ಕೊಡಬೇಕು. ಮೊದಲು ಕೆಗ್ಗಿನ ಬಗ್ಗೆ ಇದ್ದದ್ದು ಇದ್ದಂಗೆ ಹೇಳುತ್ತೇವೆ. ಆಮೇಲೆ ಆ ವಿಡಿಯೊ ಹೇಳದ ಮಾತು.

ಮಿನಿ ಕೆಗ್ಗಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, 5 ಲೀಟರಿನ ತಗಡಿನ ಡಬ್ಬಿ. ಇದರ ತಗಡು ತೆಳು, ಹೆಚ್ಚು ಒತ್ತಡ ತಡೆಯುವುದಿಲ್ಲ. ಒಳಗೆ ಸಕ್ಕರೆ ಸ್ವಲ್ಪ ಹೆಚ್ಚಾದರೂ ತಳ ಉಬ್ಬುತ್ತದೆ. ಇನ್ನೊಂದು, 2ರಿಂದ 5 ಲೀಟರಿನ ದಪ್ಪ ಸ್ಟೀಲಿನದು. ಇದಕ್ಕೆ ತಿರುಪಿನ ಮುಚ್ಚಳ, ಒಳಗೆ ತಳದವರೆಗೂ ಇಳಿಯುವ ನಳಿಗೆ, ಮೇಲೆ ಗ್ಯಾಸ್ ಹತೋಟಿಯ ರೆಗ್ಯುಲೇಟರು, ಒತ್ತಡ ಮೀರಿದರೆ ತಾನೇ ಗ್ಯಾಸ್ ಬಿಡುವ ಸೇಫ್ಟಿ ವಾಲ್ವು ಇರುತ್ತವೆ. ಕೊಳ್ಳಲೇಬೇಕು ಅಂದರೆ ಎರಡನೆಯದೇ ಕೊಳ್ಳಬೇಕು. ವಾಲ್ವು ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಮುಟ್ಟಬಾರದು.

ಇನ್ನು ಗ್ಯಾಸು. ಆ ಬೆರಳುದ್ದದ ಸಿಲಿಂಡರಿನಲ್ಲಿರುವುದು 16 ಗ್ರಾಂ ಕಾರ್ಬನ್ ಡೈಆಕ್ಸೈಡ್. ಬೀರನ್ನು ಹೊರಗೆ ತಳ್ಳುವುದು, ಗಾಳಿ ತಾಗಿ ಹುಳಿಯಾಗದಂತೆ ಕಾಯುವುದು ಅದರ ಕೆಲಸ. ಬೀರು 4 ಡಿಗ್ರಿ ತಣ್ಣಗಿದ್ದರೆ 10–12 ಪಿಎಸ್‌ಐ ಒತ್ತಡ ಸಾಕು. 25 ಡಿಗ್ರಿಯಲ್ಲಿ ಅದೇ ನೊರೆ ಉಳಿಯಬೇಕಾದರೆ 30ರ ಹತ್ತಿರ ಬೇಕು, ಅಂದರೆ ಬೈಕಿನ ಹಿಂದಿನ ಟೈರಿಗೆ ಹಾಕಿಸುವಷ್ಟು. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕರೆಂಟು ಹೋಗಿ ಫ್ರಿಜ್ಜು ನಿಂತರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಬೀರು ಹುದುಗುವುದಕ್ಕೂ ಸುಮಾರು 18–22 ಡಿಗ್ರಿಯ ತಂಪು ಬೇಕು. ಶಹಾಬಾದ್ ಕಲ್ಲಿನ ಮನೆ ಎಷ್ಟು ತಂಪಾಗಿದ್ದರೂ ಬ್ಯಾಸಗಿಯಲ್ಲಿ ಅಷ್ಟು ತಂಪಾಗಿರುವುದಿಲ್ಲ.

ಮದುವೆಯ ಲೆಕ್ಕವನ್ನೂ ಹೇಳಿಬಿಡುತ್ತೇವೆ. 5 ಲೀಟರ್ ಅಂದರೆ ಅಂಗಡಿಯ 650 ಎಂ.ಎಲ್. ಬಾಟಲಿ ಎಂಟೂ ಆಗುವುದಿಲ್ಲ. ನಮ್ಮ ಮದುವೆಗಳಲ್ಲಿ ಅದು ಹಂದರ ಹಾಕುವವರಿಗೇ ಸಾಲದು.

ಇಷ್ಟಾದರೂ ಇವು ಸಣ್ಣ ಮಾತು. ದೊಡ್ಡ ಮಾತು ಬೇರೆ ಇದೆ. ಖಾಲಿ ಕೆಗ್ ಮನೆಯಲ್ಲಿಟ್ಟುಕೊಂಡರೆ ತಪ್ಪಿಲ್ಲ. ಆದರೆ ಅದಕ್ಕೆ ತುಂಬುವ ಬೀರನ್ನು ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡಿದರೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಮಾಡುವ ಉದ್ದೇಶಕ್ಕೆ ಪಾತ್ರೆ-ಸಾಮಾನು ಕೂಡಿಸಿಟ್ಟುಕೊಂಡರೂ ಅಪರಾಧ. ಮಾರಲಿಕ್ಕಲ್ಲ, ಕುಡಿಯಲಿಕ್ಕೆ ಅಂದರೂ ಬಿಡುವುದಿಲ್ಲ. ಜೈಲು, ದಂಡ ಎರಡೂ ಇವೆ. ಆ ವಿಡಿಯೊಗಳು ಹೊರದೇಶದವು. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಯ ಬೀರಿಗೆ ದಾರಿ ಬಿಟ್ಟಿತು, ಬ್ರಿಟನ್ನಿನಲ್ಲಿ 1963ರಲ್ಲೇ ಲೈಸೆನ್ಸ್ ಬೇಡವೆಂದರು. ಅಲ್ಲಿಯ ವಿಡಿಯೊ ತೋರಿಸಿ ಇಲ್ಲಿ ಸಾಮಾನು ಮಾರುವವನು ಈ ಮಾತು ಹೇಳುವುದಿಲ್ಲ. ಕೇಸಾದರೆ ಕೋರ್ಟಿಗೆ ಅಲೆಯುವವನು ಅವನಲ್ಲ, ನೀವು.

ಹಂಗಾದರೆ ತಾಜಾ ಬೀರು ಈ ರಾಜ್ಯದಲ್ಲಿ ಯಾರೂ ಕುಡಿಯುವುದಿಲ್ಲವೇ? ಕುಡಿಯುತ್ತಾರೆ. ಬೆಂಗಳೂರಿನಲ್ಲಿ ಕುಡಿಯುತ್ತಾರೆ. ಸರ್ಕಾರವೇ ನಿಯಮ ತಿದ್ದಿ ಮೈಕ್ರೋಬ್ರೂವರಿಗೆ ಲೈಸೆನ್ಸ್ ಕೊಟ್ಟಿತು, 2011ರಲ್ಲಿ ಮೊದಲನೆಯದು ಬಾಗಿಲು ತೆರೆಯಿತು. ಗಾಜಿನ ಗೋಡೆಯಾಚೆ ತಾಮ್ರ, ಸ್ಟೀಲಿನ ದೊಡ್ಡ ಟ್ಯಾಂಕು. ಅಲ್ಲೇ ಹುದುಗಿದ್ದು, ಅಲ್ಲೇ ನಳದಿಂದ ಗ್ಲಾಸಿಗೆ. 2020ರ ಲಾಕ್‌ಡೌನಿನಲ್ಲಿ ಆ ಟ್ಯಾಂಕುಗಳಲ್ಲಿ ಬೀರು ಕೆಟ್ಟು ಹೋಗುತ್ತದೆ ಎಂದು ಮಾಲೀಕರು ಗೋಳಾಡಿದರು. ಮೇ ತಿಂಗಳಲ್ಲೇ ಸರ್ಕಾರ ಅದನ್ನು ಪಾರ್ಸೆಲ್ ಕೊಡಲು ಕೆಲಕಾಲ ಅನುಮತಿ ಕೊಟ್ಟಿತು. ಟ್ಯಾಂಕಿನ ಬೀರು ಹುಳಿಯಾಗುತ್ತದೆ ಅಂದರೆ ವಿಧಾನಸೌಧಕ್ಕೆ ಅರ್ಥವಾಗುತ್ತದೆ. ನಮ್ಮ ಗಡಿಗೆಯದು ಮಾತ್ರ ಅರ್ಥವಾಗುವುದಿಲ್ಲ.

ನಮ್ಮ ಗಡಿಗೆ ಅಂದರೆ ಸೇಂದಿ. ಊರಲ್ಲಿ ಸಿಂದಿ ಅನ್ನುತ್ತೇವೆ, ಸರ್ಕಾರದ ಕಾಗದದಲ್ಲಿ ಸೇಂದಿ.

ಚಿಂಚೋಳಿ, ಸೇಡಂ, ಚಿತ್ತಾಪುರದ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಹುಡುಗರಿಗಾಗಿ ಹೇಳುತ್ತೇವೆ. ಹಳ್ಳದ ದಂಡೆಯ ಈಚಲ ಗಿಡಕ್ಕೆ ಸಂಜೆ ಕೊಯ್ಲು ಹಾಕಿ ಗಡಿಗೆ ಕಟ್ಟಿದರೆ ಬೆಳಗಿನೊಳಗೆ ರಸ ಇಳಿದಿರುತ್ತದೆ. ಗಡಿಗೆಯ ಒಳಗೆ ಸುಣ್ಣ ಬಳಿದಿದ್ದರೆ ಅದು ಹುದುಗುವುದಿಲ್ಲ, ಸಿಹಿ ನೀರಾ ಆಗಿಯೇ ಉಳಿಯುತ್ತದೆ. ಸುಣ್ಣ ಇಲ್ಲದಿದ್ದರೆ ಗಾಳಿಯಲ್ಲಿರುವ, ಗಡಿಗೆಗೆ ಅಂಟಿರುವ ಈಸ್ಟ್ ತಾನೇ ಕೆಲಸ ಶುರು ಮಾಡುತ್ತದೆ. ಕೆಲವೇ ತಾಸಿನಲ್ಲಿ ನೊರೆ ಏಳುತ್ತದೆ. ಮಾಲ್ಟ್ ಬೇಡ, ಸಿಲಿಂಡರ್ ಬೇಡ, ಫ್ರಿಜ್ ಬೇಡ. ಅಮಲು ಸುಮಾರು ನೂರಕ್ಕೆ 4–5, ಅಂದರೆ ಸಾದಾ ಬೀರಿನಷ್ಟೇ. ಸಂಜೆಗೆ ಹುಳಿ, ಮರುದಿನಕ್ಕೆ ವಿನೆಗರ್.

ಸೇಂದಿಯನ್ನು ಕೆಗ್ಗಿಗೆ ತುಂಬಿಟ್ಟರೆ ಹೇಗೆ ಎಂದು ಕೇಳಿದವರೂ ಇದ್ದಾರೆ. ಬೇಡ. ಅದು ಇನ್ನೂ ಹುದುಗುತ್ತಿರುವ ರಸ, ಒಳಗೇ ಗ್ಯಾಸ್ ಹುಟ್ಟುತ್ತಲೇ ಇರುತ್ತದೆ. ಬಿಗಿಯಾಗಿ ಮುಚ್ಚಿದರೆ ಮುಚ್ಚಳವೇ ಎದ್ದು ಹಾರುತ್ತದೆ. ಸೇಂದಿಗೆ ಬಾಯಿ ತೆರೆದ ಗಡಿಗೆಯೇ ಸರಿ.

ಗಡಿಗೆಯ ಗುಣವೂ ಅದೇ. ಸಂಜೆಯೊಳಗೆ ಖಾಲಿಯಾಗಬೇಕಾದ ಗಡಿಗೆ ದೂರ ಹೋಗುವುದಿಲ್ಲ, ಗೋದಾಮಿನಲ್ಲಿ ಕೂಡುವುದಿಲ್ಲ. ಯಾವ ಹೊಲದ ಯಾವ ಗಿಡ, ಯಾರ ಕೈ ಎಂಬುದು ಕುಡಿಯುವವನಿಗೆ ಗೊತ್ತಿರುತ್ತದೆ. ಗಿಡ ಮತ್ತು ದಿನ ಎರಡೂ ಕಣ್ಣಿಗೆ ಕಾಣುವಾಗ ಮೋಸ ಮಾಡುವುದು ಸುಲಭವಲ್ಲ. ಗಡಿಗೆ ಹೋಗಿ ಪ್ಲಾಸ್ಟಿಕ್ ಕ್ಯಾನು ಬಂದ ದಿನ ಈ ಎರಡೂ ಕಣ್ಮರೆಯಾದವು.

ಆಗ ಬಂದದ್ದು ಪುಡಿ. ಇಳಿಯುವ ರಸ ಕಡಿಮೆ, ಕೇಳುವವರು ಹೆಚ್ಚು. ನೀರು ಬೆರೆಸಿದರು, ಸಿಹಿಗೆ ಸ್ಯಾಕರಿನ್ ಹಾಕಿದರು, ಅಮಲಿಗೆ ಸಿ.ಎಚ್. ಪುಡಿ ಹಾಕಿದರು. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್. ಹಳೆಯ ಕಾಲದ ನಿದ್ದೆ ಔಷಧಿ. ಅದಕ್ಕೆ ಜೊತೆಯಾಗಿ ಡಯಾಜೆಪಾಮ್, ಆಲ್ಪ್ರಾಜೋಲಾಮ್ ಬಂದವು. ಇವು ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಗುಳಿಗೆಗಳು. ಈ ನೀರಿಗೆ ಸೇಂದಿ ಎಂದು ಹೆಸರಿಡುವುದೇ ಗಿಡಕ್ಕೆ ಮಾಡುವ ಅವಮಾನ.

ಈ ಪುಡಿಯ ಕಾರಣ ಕೊಟ್ಟು ಎರಡು ದಶಕದ ಹಿಂದೆ ನಮ್ಮ ಭಾಗದಲ್ಲಿ ಸೇಂದಿಗೇ ಬೀಗ ಹಾಕಿದರು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಹಾಕಲಿಲ್ಲ. ಅಲ್ಲಿ ಮೂರ್ತೆದಾರರ ಸಹಕಾರ ಸಂಘಗಳಿವೆ, ಅಲ್ಲಿಯ ಶೇಂದಿ ಕಾನೂನಿನದು. ತೆಂಗಿನ ಗಿಡದಿಂದ ನೀರಾ ಇಳಿಸಲೂ ಸರ್ಕಾರ ದಾರಿ ಮಾಡಿಕೊಟ್ಟಿತು. ಅದೇ ರಾಜ್ಯ, ಅದೇ ಕಾಯ್ದೆ. ಕರಾವಳಿಯ ಗಿಡ ಏರಿದವನು ಮೂರ್ತೆದಾರ, ಕಾಗಿಣಾ ದಂಡೆಯ ಗಿಡ ಏರಿದವನು ಆರೋಪಿ.

2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಸಾರಾಯಿ ನಿಂತದ್ದಕ್ಕೆ ನಮಗೆ ದುಃಖವಿಲ್ಲ. ಆದರೆ ಅದರ ಜಾಗಕ್ಕೆ ಏನು ಬಂತು? ಟೆಟ್ರಾ ಪ್ಯಾಕಿನ ಅಗ್ಗದ ವಿಸ್ಕಿ. ಅದರ ಅಮಲು ನೂರಕ್ಕೆ 42.8. ಲೈಸೆನ್ಸ್ ಅಂಗಡಿಯಲ್ಲಿ ಕೊಂಡು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಪಾನ್ ಡಬ್ಬಿಯಲ್ಲಿ ಕದ್ದು ಮಾರುವುದು ಯಾರಿಗೆ ಗೊತ್ತಿಲ್ಲ? 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕಾದ ಹಣ ಎಂದು ಸರ್ಕಾರ ಬರೆದುಕೊಂಡದ್ದು 40,000 ಕೋಟಿ ರೂಪಾಯಿ. ಜನರ ಆರೋಗ್ಯಕ್ಕಾಗಿ 5ರ ಅಮಲಿಗೆ ಬೀಗ, ಖಜಾನೆಗಾಗಿ 42.8ರ ಅಮಲಿಗೆ ಟಾರ್ಗೆಟ್. ಇದನ್ನು ಮದ್ಯಪಾನ ವಿರೋಧ ಅನ್ನುತ್ತೀರಾ? ನಾವು ವ್ಯಾಪಾರ ಅನ್ನುತ್ತೇವೆ.

ಬೀಗ ಹಾಕಿದ್ದರಿಂದ ಪುಡಿಯಾದರೂ ನಿಂತಿತೇ? ಇಲ್ಲ. ಚಿಂಚೋಳಿಯಿಂದ ತಾಂಡೂರು ದೂರವಲ್ಲ, ಸೇಡಂನಿಂದ ಬಶೀರಾಬಾದ್, ಕೊಡಂಗಲ್ ದೂರವಲ್ಲ. ಗಡಿಯಾಚೆ ತೆಲಂಗಾಣದಲ್ಲಿ ಸೇಂದಿಗೆ ಲೈಸೆನ್ಸ್ ಇದೆ. ಕುಡಿಯುವವರು ಆ ಕಡೆ ಹೋಗುತ್ತಾರೆ, ಕ್ಯಾನುಗಳು ಬೈಕಿನ ಮೇಲೆ ಈ ಕಡೆ ಬರುತ್ತವೆ. ಕತ್ತಲಲ್ಲಿ ಬಂದ ಕ್ಯಾನಿನಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವವರಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. “ಇಷ್ಟು ಲೀಟರ್ ಕಲಬೆರಕೆ ಸೇಂದಿ ವಶ, ಬೈಕ್ ಜಪ್ತಿ, ಒಬ್ಬನ ಬಂಧನ” ಎಂಬ ನಾಲ್ಕು ಸಾಲಿನ ಸುದ್ದಿಯನ್ನು ವರ್ಷಗಟ್ಟಲೆ ಪೇಪರಿಗೆ ಕಳಿಸಿದವರು ನಾವೇ. ಇಲಾಖೆಯವರು ಕೊಟ್ಟ ಫೋಟೊ, ಇಲಾಖೆಯವರು ಕೊಟ್ಟ ಅಂಕಿ. ಆ ಪುಡಿ ಎಲ್ಲಿಂದ ಬಂತು, ಮಾರಿದ ದೊಡ್ಡವನು ಯಾರು, ಲ್ಯಾಬಿನ ವರದಿ ಏನಾಯಿತು ಎಂದು ನಾವು ಮತ್ತೆ ಹೋಗಿ ಕೇಳಿದ್ದು ಕಡಿಮೆ. ಸಿಕ್ಕಿಬಿದ್ದವನು ಪ್ರತಿ ಸಲವೂ ಬೈಕಿನ ಹುಡುಗ. ಪುಡಿಯ ಸಾಹುಕಾರನ ಫೋಟೊ ನಮ್ಮ ಫೋನಿಗೆ ಒಮ್ಮೆಯೂ ಬರಲಿಲ್ಲ.

ಚಿತ್ತಾಪುರ ತಾಲ್ಲೂಕಿನ ಕರದಾಳದ ನಾರಾಯಣಗುರು ಶಕ್ತಿಪೀಠದ ಪ್ರಣವಾನಂದ ಸ್ವಾಮೀಜಿ 2023ರ ಜನವರಿಯಲ್ಲಿ ಮಂಗಳೂರಿನ ಕುದ್ರೋಳಿಯಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಕಲ್ಯಾಣ ಕರ್ನಾಟಕದಲ್ಲಿ ಸೇಂದಿ ಇಳಿಸಲು ಮತ್ತೆ ಅವಕಾಶ ಕೊಡಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಅದೇ ವರ್ಷದ ಚುನಾವಣೆ ಮುಗಿದ ಮೇಲೆ ಚಿತ್ತಾಪುರದ ಶಾಸಕರೂ ಸೇಡಂ ಶಾಸಕರೂ ಸಚಿವರಾದರು. ಬೇಡಿಕೆ ಬೇಡಿಕೆಯಾಗಿಯೇ ಉಳಿಯಿತು. ಇದನ್ನು ಬರೀ ಈಡಿಗರ ಕುಲಕಸುಬಿನ ಪ್ರಶ್ನೆ ಎಂದು ಬದಿಗಿಟ್ಟರು. ಕಸುಬು ಕಳಕೊಂಡವರು ಈಡಿಗರು ನಿಜ. ಗಿಡ ಏರುವ ಹಗ್ಗ ಅಟ್ಟಕ್ಕೆ ಹೋಯಿತು, ಮಕ್ಕಳು ಹೈದರಾಬಾದು, ಪುಣೆ ಕಡೆ ದುಡಿಯಲು ಹೋದರು. ಆದರೆ ಪುಡಿ ಕುಡಿದು ಕೈ ನಡುಗುವವರು ಎಲ್ಲ ಜಾತಿಯವರೂ ಇದ್ದಾರೆ. ಇದು ಇಡೀ ಊರಿನ ಪ್ರಶ್ನೆ.

ಈಗ ನಮ್ಮ ವಿರುದ್ಧದ ಮಾತುಗಳಿಗೆ ಬರೋಣ.

“ತೆಲಂಗಾಣದಲ್ಲಿ ಲೈಸೆನ್ಸ್ ಕೊಟ್ಟು ಏನು ಉದ್ಧಾರವಾಯಿತು?” ಸರಿಯಾದ ಪ್ರಶ್ನೆ. 2015ರ ಸೆಪ್ಟೆಂಬರಿನಲ್ಲಿ ಅಲ್ಲಿ ಪುಡಿ ಸೇಂದಿಯ ಮೇಲೆ ಒಮ್ಮೆಲೇ ದಾಳಿ ನಡೆದಾಗ, ಚಟ ಬಿದ್ದವರು ನೂರಾರು ಮಂದಿ ಫಿಟ್ಸ್, ಭ್ರಮೆ ಬಂದು ಆಸ್ಪತ್ರೆ ಸೇರಿದರು. ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆ ತುಂಬಿಹೋಯಿತು. 2025ರ ಜುಲೈಯಲ್ಲಿ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರು. ಇದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಒಂದು ಲೆಕ್ಕ ನೋಡಿ. ಒಂದು ಗಿಡ ದಿನಕ್ಕೆ ಕೊಡುವುದು ಕೆಲವೇ ಲೀಟರ್, ಅದೂ ವರ್ಷವಿಡೀ ಅಲ್ಲ. ಸುತ್ತ ಗಿಡವೇ ಇಲ್ಲದ ಪಟ್ಟಣದ ಅಂಗಡಿಯಲ್ಲಿ ದಿನಾ ನೂರಾರು ಲೀಟರ್ ಸೇಂದಿ ಮಾರಿದರೆ ಅದು ಗಿಡದಿಂದ ಬಂದಿರಲಿಕ್ಕೆ ಸಾಧ್ಯವೇ? ಲೈಸೆನ್ಸ್ ಕೊಟ್ಟವರು ಅಂಗಡಿ ಎಣಿಸಿದರು, ಗಿಡ ಎಣಿಸಲಿಲ್ಲ. ಅಲ್ಲಿ ಸೋತದ್ದು ಇಲ್ಲಿಯೇ.

“ಕಲಬೆರಕೆ ಆಗುತ್ತದೆ, ಅದಕ್ಕೆ ನಿಷೇಧ.” ಹಾಲಿಗೂ ಕಲಬೆರಕೆ ಆಗುತ್ತದೆ. ಅದಕ್ಕೆ ಹಾಲು ನಿಷೇಧ ಮಾಡಲಿಲ್ಲ. ಊರೂರಿಗೆ ಡೇರಿ ಸಂಘ ಮಾಡಿದರು, ದಿನಾ ಬೆಳಿಗ್ಗೆ ಪರೀಕ್ಷೆ ಮಾಡಿಯೇ ಹಾಕಿಸಿಕೊಳ್ಳುತ್ತಾರೆ. ಹಾಲಿಗೆ ಮಾಡಿದ ವ್ಯವಸ್ಥೆ ಸೇಂದಿಗೆ ಯಾಕೆ ಆಗುವುದಿಲ್ಲ?

“ಕುಡಿತ ಕುಡಿತವೇ, ಮನೆ ಹಾಳು ಮಾಡೋದೇ.” ಇದು ಅಕ್ಕಂದಿರ, ತಾಯಂದಿರ ಮಾತು. ಈ ಮಾತಿಗೆ ನಾವು ತಲೆ ಬಾಗಿಸುತ್ತೇವೆ. ಸೇಂದಿ ಅಮೃತ, ಸೇಂದಿ ಔಷಧಿ ಎಂದು ವಾದ ಮಾಡುವವರ ಜೊತೆ ನಾವಿಲ್ಲ. ಅದರಲ್ಲಿ ಅಮಲಿದೆ, ಅತಿಯಾದರೆ ಅದೂ ಕೆಡಿಸುತ್ತದೆ. ನಾವು ಕೇಳುವುದು ಹೊಸ ಕುಡಿತವನ್ನಲ್ಲ. ಯಕ್ಕಾ, ಈಗ ನಿಮ್ಮ ಊರಲ್ಲಿ ಟೆಟ್ರಾ ಪ್ಯಾಕು, ಪುಡಿ ಕ್ಯಾನು ಎರಡೂ ಇವೆ. ಎರಡಕ್ಕೂ ನಿಮ್ಮನ್ನು ಯಾರೂ ಕೇಳಿಲ್ಲ. ಕೇಳಲೇಬೇಕು ಎಂಬ ನಿಯಮ ಬರಲಿ ಎನ್ನುವುದು ನಮ್ಮ ಮಾತು.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಮೊದಲು ಗಿಡ ಎಣಿಸಿ ನಂಬರ್ ಹಾಕಿ, ಗಿಡ ಎಷ್ಟೋ ಅಷ್ಟೇ ಲೀಟರ್. ಲೈಸೆನ್ಸ್ ಗಿಡ ಏರುವವರ ಸಹಕಾರ ಸಂಘಕ್ಕೆ ಇರಲಿ, ಹರಾಜು ಹಿಡಿಯುವ ಸಾಹುಕಾರನಿಗೆ ಬೇಡ. ಇಳಿಸಿದ ದಿನವೇ, ಅದೇ ಊರಿನ ಸೀಮೆಯಲ್ಲಿ, ತೆರೆದ ಗಡಿಗೆಯಿಂದ ಮಾರಾಟವಾಗಲಿ. ಕ್ಯಾನು ಕಂಡರೆ ಲೈಸೆನ್ಸ್ ರದ್ದಾಗಲಿ. ಪುಡಿಯ ಪರೀಕ್ಷೆ ತಾಲ್ಲೂಕಿನಲ್ಲೇ ನಡೆಯಲಿ, ವರದಿ ಪಂಚಾಯಿತಿ ಗೋಡೆಯ ಮೇಲೆ ಹಚ್ಚಲಿ. ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳ ಒಪ್ಪಿಗೆ ಇಲ್ಲದ ಊರಲ್ಲಿ ಅಂಗಡಿಯೇ ಬೇಡ. ಕಿರಾಣಿ ಅಂಗಡಿಯ ಟೆಟ್ರಾ ಪ್ಯಾಕಿಗೂ ಇದೇ ಕಟ್ಟುನಿಟ್ಟು ಬರಲಿ. ಬೆಂಗಳೂರಿನ ಟ್ಯಾಂಕಿಗೆ ನಿಯಮ ಬರೆಯಲು ಬಂದ ಸರ್ಕಾರಕ್ಕೆ ಇಷ್ಟು ಬರೆಯಲು ಬಾರದೇ?

ನಿಯಮ ಬರುವವರೆಗೆ ಒಂದು ಜರೂರಿನ ಮಾತು. ಮನೆಯಲ್ಲಿ ಯಾರಿಗಾದರೂ ಪುಡಿ ಸೇಂದಿಯ ಚಟವಿದ್ದರೆ ಕೋಣೆಗೆ ಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಎರಡು-ಮೂರು ದಿನದಲ್ಲಿ ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ದೆವ್ವ ಬಡಿದಿದೆ ಎಂದು ತಾಯಿತ ಕಟ್ಟಿಸುತ್ತಾ ಕೂಡಬೇಡಿ. ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಡಾಕ್ಟರರಿಗೆ ಇದ್ದ ಸತ್ಯ ಹೇಳಿ: ಏನು ಕುಡಿಯುತ್ತಿದ್ದರು, ಎಷ್ಟು ವರ್ಷದಿಂದ, ಕೊನೆಗೆ ಯಾವಾಗ. ಟೆಲಿ ಮಾನಸ್ ನಂಬರು 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಆ ಸೇಡಂ ಹುಡುಗನಿಗೆ ನಾವು ಬರೆದ ಉತ್ತರ: “ತಮ್ಮಾ, ಕೆಗ್ ತಗೋಬ್ಯಾಡ. ಎಂಟು ಬಾಟ್ಲಿ ಬೀರಿಗಿ ಮದಿವಿ ಮನಿಗಿ ಕೇಸ್ ತರಬ್ಯಾಡ. ಆ ರೊಕ್ಕದಾಗ ತಮ್ಮನ ಮದಿವ್ಯಾಗ ಇನ್ನೊಂದು ಪಂಕ್ತಿಗಿ ಹುಗ್ಗಿ ಬಡಸು. ನಿಮ್ಮ ಮುತ್ಯಾನ ಕಾಲಕ್ಕ ಹಳ್ಳದ ದಂಡಿಗಿ ಎಷ್ಟು ಈಚಲ ಗಿಡ ಇದ್ವು, ಈಗ ಎಷ್ಟು ಅದಾವ, ಎಣಿಸಿ ನಮಗ ಬರಿ.”

ಹುಡುಗ ಮದುವೆಯ ಮರುವಾರ ಒಂದು ಫೋಟೊ ಕಳಿಸಿದ. ಹಳ್ಳ, ಜಾಲಿ ಕಂಟಿ, ಅದರ ನಡುವೆ ನಾಲ್ಕು ಈಚಲ ಗಿಡ. ಕೆಳಗೆ ಬರೆದಿದ್ದ: “ಮುತ್ಯಾ ಇಲ್ಲಿ ಬನಾನೇ ಇತ್ತು ಅಂತಾನ.”

ನಿಮ್ಮ ಊರಲ್ಲಿ ಎಷ್ಟಿವೆ? ಎಣಿಸಿ ಕಳಿಸಿ. ಸರ್ಕಾರ ಎಣಿಸುವವರೆಗೆ ನಾವೇ ಎಣಿಸೋಣ.